ಕಿಟಕಿಯ ನಾಲ್ಕು ಬೆರಳು ಸಂದಿ

ಮೂರು ವರ್ಷದ ಹಿಂದಿನ ಮಳೆಗಾಲ. ಔರಾದಿನ ಶಾಲೆಯಲ್ಲಿ ಟೀಚರಾಗಿದ್ದ ನಾನು ಹಳೆಯ ಕಾರೊಂದನ್ನು ಕೊಂಡು ಎರಡು ತಿಂಗಳಾಗಿತ್ತು. ಕಾರು ಹಳೆಯದಾದರೂ ನನ್ನ ಜಂಬ ಹೊಸದು. ಭಾಲ್ಕಿಯಲ್ಲೊಂದು ಮದುವೆಗೆ, ಬೀದರಿನ ನಮ್ಮ ಪಕ್ಕದ ಮನೆಯ ಖಾಜಾ ಸಾಹೇಬರನ್ನೂ ಕರೆದೊಯ್ದಿದ್ದೆ.

ಸಾಹೇಬರು ಇಪ್ಪತ್ತು ವರ್ಷ ನೌಕಾಪಡೆಯ ಸಬ್‌ಮರೀನಿನಲ್ಲಿ ದುಡಿದವರು. ಸಮುದ್ರದ ಗಾಳಿಯೂ ಸುಳಿಯದ ನಮ್ಮೂರಲ್ಲಿ ಅವರ ಕಥೆ ಕೇಳುವವರು ಯಾರು? ಮದುವೆ ಊಟ ಮುಗಿಸಿ ಹಿಂದಿರುಗುವಾಗ, ಟಾರ್ಪಿಡೊ ಬಿಡುವ ಮೊದಲಿನ ಆರ್ಡರುಗಳ ಅರ್ಥ ಹೇಳತೊಡಗಿದರು. ‘ಫ್ಲಡ್ ಟ್ಯೂಬ್’ ಅಂದರೆ ಟಾರ್ಪಿಡೊ ಇರುವ ಕೊಳವೆಗೆ ನೀರು ತುಂಬಿಸುವುದು. ‘ಈಕ್ವಲೈಸ್’ ಅಂದರೆ ಒಳಗಿನ ಒತ್ತಡವನ್ನು ಹೊರಗಿನ ಸಮುದ್ರಕ್ಕೆ ಸಮ ಮಾಡುವುದು. ಅಲ್ಲಿಯವರೆಗೆ ಆನೆ ನೂಕಿದರೂ ಹೊರಬಾಗಿಲು ತೆರೆಯದಂತೆ. ‘ಓಪನ್ ಬೋ ಕ್ಯಾಪ್’ ಅಂದರೆ ಆ ಬಾಗಿಲು ತೆಗೆ. ‘ಸ್ಟ್ಯಾಂಡ್ ಬೈ’ ಅಂದರೆ ಸಿದ್ಧವಾಗಿರು. ಕೊನೆಗೆ ‘ಫೈರ್’. ಕೇಳಿದವನು ಪ್ರತಿ ಆರ್ಡರನ್ನೂ ತಿರುಗಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಬರುವುದಿಲ್ಲ.

ನಾನು ಹೂಂ ಹೂಂ ಅನ್ನುತ್ತಿದ್ದೆ. ನನ್ನ ಸಿಟ್ಟೆಲ್ಲ ಅವರ ಕಿಟಕಿಯ ಮೇಲಿತ್ತು. ಎಷ್ಟು ಬೈದರೂ ನಾಲ್ಕು ಬೆರಳು ಸಂದಿ ಬಿಟ್ಟೇ ಕೂರುವರು, ಮಳೆ ಸೀಟಿಗೆ ಸಿಡಿಯುವುದು. ಪೂರ್ತಿ ಮುಚ್ಚಿದ ಜಾಗದಲ್ಲಿ ಇಪ್ಪತ್ತು ವರ್ಷ ಕೂತದ್ದು ಸಾಕಂತೆ.

ದಾರಿಯಲ್ಲಿ ರೈಲುಹಳಿಯ ಕೆಳಗಿನ ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು. ಆಳ ಗೊತ್ತಿಲ್ಲ, ನಿಲ್ಲಿಸಿ ಎಂದರು. ನನಗೇ ಹೇಳಿಕೊಡುತ್ತಾರಾ ಎಂದು ಕಾರನ್ನು ನೀರಿಗೆ ಇಳಿಸಿಯೇಬಿಟ್ಟೆ. ನಡುವೆ ಇಂಜಿನ್ ಬಂದ್ ಬಿತ್ತು. ಮಳೆಯ ಸದ್ದು ಅಲ್ಲಿಗೆ ಬರುತ್ತಿರಲಿಲ್ಲ. ಹೊಲಗಳಿಂದ ಇಳಿದ ಕೆಸರು ನೀರು ಸದ್ದಿಲ್ಲದೆ ಗಾಜಿನ ಮೇಲೆ ಏರುತ್ತಿತ್ತು. ಬೆಲ್ಟು ಬಿಚ್ಚಿ ಬಾಗಿಲಿಗೆ ಒದ್ದೆ, ಅಲುಗಲಿಲ್ಲ. ಗಾಜೂ ಇಳಿಯಲಿಲ್ಲ. ಅವರ ಕಿಟಕಿಯ ಸಂದಿಯಿಂದ ನೀರು ಸುರಿಯತೊಡಗಿದಾಗ ನನ್ನ ವೇಲನ್ನು ಅಲ್ಲಿ ತುರುಕಿದೆ.

ಸಾಹೇಬರು ಅದನ್ನು ಕಿತ್ತು ತೆಗೆದರು.

“ಫ್ಲಡ್ ಟ್ಯೂಬ್” ಎಂದರು. ದಿನಾ ಬೇಲಿಯಾಚೆ ನಿಂತು ಕರಿಬೇವು ಕೇಳುವ ದನಿಯಲ್ಲ ಅದು. ನನ್ನ ಕಡೆ ನೋಡಲೂ ಇಲ್ಲ. ಅಲ್ಲಿ ಬೇರೆ ಯಾರೋ ಕೂತಿದ್ದಾರೆ, ಅವರಿಗೆ ಹೇಳಿದಂತಿತ್ತು. ಈ ಮನುಷ್ಯನಿಗೆ ಹುಚ್ಚು ಹಿಡಿದಿದೆ, ನನ್ನನ್ನು ಮುಳುಗಿಸಿಯೇ ತೀರುತ್ತಾನೆ ಅನ್ನಿಸಿತು. ಕಿರುಚಿ ಅವರ ತೋಳು ಪರಚಿದೆ.

“ತಿರುಗಿ ಹೇಳ್ರಿ ಮೇಡಂ. ನೀವ್ ಹೇಳೋತನಕ ನಾ ಮುಂದಿಂದು ಹೇಳಂಗಿಲ್ಲ.”

ನೀರು ಎದೆಗೆ ಬಂದಿತ್ತು. ಅಳುತ್ತಲೇ ಹೇಳಿದೆ. “ಈಕ್ವಲೈಸ್” ಎಂದರು, ಅದನ್ನೂ ಹೇಳಿದೆ. ಅವರು ಗಾಜಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, ಹೊರಗೆ ಯಾರೋ ಬರುವುದನ್ನು ಆಲಿಸುವವರಂತೆ ಕೂತರು. ನೀರು ಗದ್ದ ಮುಟ್ಟಿದಾಗ “ಓಪನ್ ಬೋ ಕ್ಯಾಪ್” ಎಂದರು. ತಿರುಗಿ ಹೇಳಿ ಹಿಡಿ ಎಳೆದೆ. ಅಷ್ಟು ಒದ್ದರೂ ಜಗ್ಗದ ಬಾಗಿಲು ಮನೆಬಾಗಿಲಿನಂತೆ ತೆರೆಯಿತು. “ಸ್ಟ್ಯಾಂಡ್ ಬೈ.” ನಾನೂ ಅಂದು ಉಸಿರು ಎಳೆದುಕೊಂಡೆ.

“ಫೈರ್.” ಬೆನ್ನಿಗೆ ಅಂಗೈ ಬಿತ್ತು.

ಅಂಡರ್‌ಪಾಸಿನ ಗೋಡೆಯ ಕಬ್ಬಿಣದ ಕಂಬಿಯೊಂದು ಕೈಗೆ ಸಿಕ್ಕಿತು. ಮೇಲಿದ್ದ ಕುರಿಗಾರರು ನನ್ನನ್ನು ಎಳೆದುಕೊಂಡರು. ತಿರುಗಿ ನೋಡಿದರೆ ನೀರು ಸಪಾಟಾಗಿತ್ತು, ಸಾಹೇಬರಿಲ್ಲ. ಕೂಗಿದೆ, ಮತ್ತೆ ಮತ್ತೆ ಕೂಗಿದೆ. ಎಷ್ಟು ಹೊತ್ತಾಯಿತೋ, ಕೊನೆಗೆ ಆ ಬಿಳಿ ಗಡ್ಡ ಮೇಲೆದ್ದಿತು.

ಕುರಿಗಾರರ ಕಂಬಳಿ ಹೊದ್ದು ಚಹಾ ಕುಡಿಯುವಾಗ ಅವರ ಕೈಯಲ್ಲಿ ಬಸಿ ಗಡಗಡ ನಡುಗುತ್ತಿತ್ತು. ಅಷ್ಟು ಗಟ್ಟಿಯಾಗಿದ್ದವರಿಗೆ ಈಗ್ಯಾಕೆ ನಡುಕ ಎಂದೆ.

“ನೌಕರಿಯಾಗ ನಾ ಆರ್ಡರ್ ತಿರುಗಿ ಹೇಳಾಂವ ಇದ್ದೆ ಮೇಡಂ, ಕೊಡಾಂವ ಅಲ್ಲ. ಅದೂ ಬರೇ ಪ್ರಾಕ್ಟೀಸ್ ಇತ್ರಿ. ಖರೇ ಖರೇ ಫೈರ್ ಅಂದದ್ದು ಇವತ್ತೇ ನೋಡ್ರಿ.”

ಕಳೆದ ಚಳಿಗಾಲದಲ್ಲಿ ಸಾಹೇಬರು ತೀರಿಕೊಂಡರು. ಕಿಟಕಿಗಾಗಿ ಬೈದದ್ದಕ್ಕೆ ನಾನು ಕ್ಷಮೆ ಕೇಳಲೇ ಇಲ್ಲ, ಆ ನೋವು ಹಾಗೇ ಉಳಿದಿದೆ. ಈಗ ನಾನೂ ನಾಲ್ಕು ಬೆರಳು ಸಂದಿ ಬಿಟ್ಟೇ ಓಡಿಸುತ್ತೇನೆ. ಮಳೆನೀರು ಗಾಜಿನ ಮೇಲೆ ಇಳಿಯತೊಡಗಿದರೆ ಆ ಆರ್ಡರುಗಳು ಒಂದೊಂದಾಗಿ ತಾವೇ ಬಾಯಿಗೆ ಬರುತ್ತವೆ. ‘ಸ್ಟ್ಯಾಂಡ್ ಬೈ’ ಎಂದ ಮೇಲೆ ಮುಂದಿನದು ಮಾತ್ರ ಬರುವುದಿಲ್ಲ. ಉಸಿರು ಹಿಡಿದು ಕೂರುತ್ತೇನೆ. ಬೆನ್ನು ಆ ಅಂಗೈಗಾಗಿ ಕಾಯುತ್ತಿರುತ್ತದೆ.