ಬೀಗರ ಜೊತೆ ಗಾಲ್ಫ್

ಇವತ್ತು ನನ್ನ ಮಾನ ಸ್ವಲ್ಪದರಲ್ಲಿ ಉಳಿಯಿತು ಸ್ನೇಹಿತರೇ.

ಮಗಳನ್ನು ನೋಡಲು ಬಂದ ದಿನ, ರಾಯಾಪುರದ ನಮ್ಮ ಹೊಸ ಬೀಗರು ಗೂಟಕ್ಕಿದ್ದ ನನ್ನ ಟೋಪಿಯ ಮೇಲಿನ ಗಾಲ್ಫ್ ಚಿತ್ರ ನೋಡಿ "ಗಾಲ್ಫ್ ಆಡ್ತೀರೇನ್ರಿ?" ಅಂದಿದ್ದರು. ಬೀಗರಿಗೆ ಇಲ್ಲ ಅನ್ನುವುದು ಹೇಗೆ? "ಹೂನ್ರಿ" ಅಂದುಬಿಟ್ಟಿದ್ದೆ.

ಬೆಳಿಗ್ಗೆ ಅವರ ಫೋನು. "ಬೆಂಗಳೂರ ಕಡೆ ಒಂದು ಭಾರೀ ಗಾಲ್ಫ್ ಮೈದಾನ ಐತ್ರಿ. ಮೆಂಬರ್ ಇರಬೇಕಂತಿಲ್ಲ, ಯಾರ ಬೇಕಾದ್ರೂ ಬುಕ್ ಮಾಡಬಹುದು. ರವಿವಾರ ಹೋಗೂಣೇನ್ರಿ?"

"ನೀವು ಹೆಂಗಂತೀರಿ ಹಂಗರಿ."

ಫೋನಿಟ್ಟವನೇ ಮಾಳಿಗೆ ಹತ್ತಿ, ಕೊಡೆಯಿಂದ ಲಿಂಬೆಹಣ್ಣು ಹೊಡೆದು ರೂಢಿ ಶುರು ಮಾಡಿದೆ. ಹಣ್ಣು ಪಕ್ಕದವರ ನೀರಿನ ಟಾಕಿಗೆ ಬಿತ್ತು. "ಏನ್ ಹುಚ್ಚರಿ ನಿಮಗ?" ಎಂದು ಹೆಂಡತಿ ಕೊಡೆ ಕಸಿದುಕೊಂಡಳು.

ಮಧ್ಯಾಹ್ನ ಮತ್ತೆ ಬೀಗರು. ಈ ಸಲ ದನಿ ಸಣ್ಣಗಿತ್ತು. "ತಪ್ಪ ತಿಳಕೋಬ್ಯಾಡ್ರಿ. ಅಲ್ಲಿ ಕಾಲರ್ ಅಂಗಿನ ಬೇಕಂತ, ಬೂಟೂ ಬ್ಯಾರೆ ಅಂತ. ಖರೇ ಹೇಳಬೇಕಂದ್ರ, ನಾ ಒಮ್ಮೆನೂ ಆ ಕೋಲ ಹಿಡದಿಲ್ರಿ. ನಿಮಗ ಸೇರ್ತೈತಿ ಅಂತ ಹೊಂಟಿದ್ದೆ."

ಹೋದ ಜೀವ ಬಂದಂತಾಯಿತು. "ನಾನೂ ಹಿಡದಿಲ್ರಿ! ಆ ಟೋಪಿ ಯಾರೋ ಪುಕ್ಕಟೆ ಕೊಟ್ಟಿದ್ದು!"

ಇಬ್ಬರೂ ಹೊಟ್ಟೆ ತುಂಬ ನಕ್ಕೆವು. ರವಿವಾರ ಅವರ ಮನೆಯಲ್ಲೇ ಊಟ ಎಂದು ನಿಶ್ಚಯವಾಯಿತು.

"ಇಸ್ಪೀಟ್ ಆದ್ರೂ ಬರ್ತೈತೇನ್ರಿ?" ಎಂದು ಕೇಳಿದರು.

"ಅಷ್ಟಕ್ಕಷ್ಟರಿ" ಅಂದೆ.

ಹೆಂಡತಿ ತಿರುಗಿ ನೋಡಿದಳು. ಓಣಿಯಲ್ಲಿ ನನ್ನೆದುರು ಇಸ್ಪೀಟಿಗೆ ಕೂರುವ ಧೈರ್ಯ ಯಾರಿಗೂ ಇಲ್ಲವೆಂದು ಅವಳಿಗೆ ಗೊತ್ತು. ಆದರೆ ಬೀಗರಿಗೆ ಒಂದೇ ದಿನ ಎಲ್ಲ ನಿಜ ಹೇಳಿಬಿಟ್ಟರೆ, ಮುಂದೆ ಸಂಬಂಧ ಬೆಳೆಯುವುದಾದರೂ ಹೇಗೆ?