ವಿಷಯ ಒಂದು: ಬೇಲಿ

ನಮ್ಮ ಪಂಚಾಯ್ತಿ ಅಧ್ಯಕ್ಷರ ಮೇಲ್ತುಟಿಯ ಎಡಗಡೆ ಅಕ್ಕಿಕಾಳಿನಷ್ಟು ಬಿಳಿ ಕಲೆಯಿತ್ತು. ಚಿಕ್ಕಂದಿನಲ್ಲಿ ಕುದಿಯುವ ಕಾಫಿಗೆ ಬಾಯಿಟ್ಟು ಸುಟ್ಟುಕೊಂಡದ್ದಂತೆ. ಆಮೇಲೆ ಅವರು ಬಿಸಿ ಕಾಫಿ ಮುಟ್ಟಲಿಲ್ಲ. ಸಾಸರಿಗೆ ಸುರಿದು, ಕೆನೆ ಕಟ್ಟುವವರೆಗೆ ಬಿಟ್ಟು, ಸೊರ್ರನೆ ಹೀರುವರು. ಕಾಫಿ ಬೆಳೆಯುವ ಊರಿನಲ್ಲಿ ಹುಟ್ಟಿ ತಣ್ಣಗಿನ ಕಾಫಿ ಕುಡಿಯುವ ಪುಣ್ಯಾತ್ಮ ಎಂದು ನಾವೆಲ್ಲ ರೇಗಿಸುತ್ತಿದ್ದೆವು.

ಪಂಚಾಯ್ತಿಯನ್ನೂ ಅವರು ಹಾಗೆಯೇ ನಡೆಸಿದರು. ಸಭೆಯ ನೋಟೀಸು ಹೊರಡುವ ಮುಂಚೆ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಸದಸ್ಯರನ್ನು ಕೂರಿಸಿಕೊಂಡು, ಯಾವ ವಿಷಯ ಸಭೆಗೆ ಬರಬೇಕು, ಯಾವುದು ಬೇಡ ಎಂದು ತೀರ್ಮಾನಿಸುವರು. ಬೀದಿದೀಪ, ಚರಂಡಿ, ನೀರಿನ ಪೈಪು ಸಲೀಸಾಗಿ ಒಳಗೆ ಬರುತ್ತಿದ್ದವು. ಜಗಳದ ವಿಷಯ ಬಂತೋ, "ಬಿಸಿ ಆರ್ಲಿ ಮಾರಾಯಾ, ಆಮೇಲೆ ನೋಡಣ" ಎನ್ನುವರು. ಮಾರನೆಯ ದಿನ ಜಗಳವಾಡಿದವರ ಮನೆಗೆ ತಾವೇ ನಡೆದು ಹೋಗಿ ಮಾತಾಡಿ ಬರುವರು. ಟೂರಿಸ್ಟರನ್ನು ಕರೆದೊಯ್ಯುವ ಜೀಪಿನವರ ಸರದಿಯ ಗಲಾಟೆ, ಹೋಂಸ್ಟೇಯ ಡಿಜೆ ಹಾವಳಿ ಎಲ್ಲ ಹೀಗೆಯೇ ಸಭೆಯ ಮೆಟ್ಟಿಲು ಹತ್ತದೆ ಮುಗಿದವು. ನನಗೆ ಇದು ಮೊದಮೊದಲು ಸೋಜಿಗ, ಆಮೇಲಾಮೇಲೆ ಸಿಟ್ಟು.

ನಾನು ಹೊಸ ಸದಸ್ಯೆ. ಸಭೆಯಲ್ಲಿ ಬಾಯಿ ಬಿಡಲು ಹೆದರುತ್ತಿದ್ದವಳನ್ನು ಮಾತಿಗೆ ಎಳೆದವರು ಅವರೇ. "ಬಾಯಲ್ಲಿ ಹೇಳಿದ್ದು ಗಾಳಿಗ್ ಹೋಗುತ್ತೆ ಮಾರಾಯ್ತಿ. ವಿಷ್ಯ ಬರ್ದು ಕೊಡು. ಬರ್ದಿದ್ದನ್ನ ಯಾರಾದ್ರೂ ಓದ್ಲೇಬೇಕು" ಎಂದಿದ್ದರು. ಬರೆದು ಕೊಟ್ಟೆ. ಇಡೀ ಪಂಚಾಯ್ತಿಗೆ ಬೇಡವಾದ ವಿಷಯವನ್ನೇ ಬರೆದು ಕೊಟ್ಟೆ.

ಕಾಡುಹಂದಿ, ಆನೆ ಬರುತ್ತವೆಂದು ನಮ್ಮ ಕಡೆ ಕೆಲವರು ತೋಟದ ಬೇಲಿಗೆ ಕಂಬದಿಂದಲೇ ನೇರವಾಗಿ ಕರೆಂಟು ಎಳೆದುಬಿಡುತ್ತಾರೆ. ಸೋಲಾರ್ ಬೇಲಿಯಾದರೆ ಮುಟ್ಟಿದವರಿಗೆ ಒಂದೇಟು ಕೊಟ್ಟು ಬಿಟ್ಟುಬಿಡುತ್ತದೆ, ಇದು ಕೊಲ್ಲುತ್ತದೆ. ಹೊಳೆಬದಿ ತೋಟದವರ ಅಂಥ ಬೇಲಿಗೆ ಸಿಕ್ಕಿ ನನ್ನ ಗಬ್ಬದ ಹಸು ಸತ್ತಿತು. ಆ ಬೇಲಿಯ ಪಕ್ಕದ ಕಾಲುದಾರಿಯಲ್ಲೇ ತೋಟದ ಕೂಲಿಯವರ ಲೈನ್ ಮನೆಗಳ ಮಕ್ಕಳು ಶಾಲೆಯ ಬಸ್ಸಿಗೆ ಹೋಗುತ್ತಾರೆ. ಇದು ಊರಿಗೆಲ್ಲ ಗೊತ್ತು. ಆದರೆ ಅರ್ಧ ಸದಸ್ಯರ ತೋಟದಲ್ಲೂ ಅದೇ ತಂತಿ. ವಿಷಯ ಸಭೆಯ ನಡಾವಳಿಗೆ ಹತ್ತಿದರೆ ಫಾರೆಸ್ಟಿನವರು, ಪೊಲೀಸರು ಹುಡುಕಿಕೊಂಡು ಬರುತ್ತಾರೆಂದು ಎಲ್ಲರಿಗೂ ಭಯ.

"ಈ ತಿಂಗ್ಳು ಬೇಡ. ಬಿಸಿ ಆರ್ಲಿ" ಎಂದರು ಅಧ್ಯಕ್ಷರು. ಮುಂದಿನ ತಿಂಗಳೂ ಅದೇ ಮಾತು. ನನಗೆ ತಡೆಯಲಾಗಲಿಲ್ಲ.

"ಅಧ್ಯಕ್ರೇ, ನನ್ ಹಸು ತಣ್ಣಗಾಯ್ತು. ಇನ್ ಯಾರ್ ತಣ್ಣಗಾಗ್ಬೇಕು ಹೇಳಿ" ಎಂದುಬಿಟ್ಟೆ.

ಅವರು ಸಾಸರು ಕೆಳಗಿಟ್ಟರು. ಕಾಫಿ ಕುಡಿಯದೆ ಅವರು ಎದ್ದು ಹೋದದ್ದನ್ನು ನಾನು ನೋಡಿದ್ದು ಆವತ್ತೇ.

ಆ ತಿಂಗಳ ನೋಟೀಸು ಕೈಗೆ ಬಂದಾಗ ನಾನು ನಿಂತಲ್ಲೇ ನಿಂತೆ. ವಿಷಯ ಒಂದು, ತೋಟದ ಬೇಲಿಗಳಿಗೆ ಕರೆಂಟು ಹರಿಸುವುದನ್ನು ನಿಲ್ಲಿಸುವ ಬಗ್ಗೆ. ಕೊನೆಯ 'ಇತರೆ ವಿಷಯಗಳ' ಬಾಲದಲ್ಲಲ್ಲ, ಬೀದಿದೀಪಕ್ಕಿಂತ ಮೇಲೆ! ಉಪಾಧ್ಯಕ್ಷರು ನನಗೆ ಫೋನು ಮಾಡಿ, "ಅವ್ರಿಗೆ ತಲೆ ಗಿಲೆ ಕೆಟ್ಟಿದ್ಯಾ?" ಎಂದು ಕೂಗಾಡಿದರು. ನಾನು ಅಧ್ಯಕ್ಷರಿಗೆ ಫೋನು ಹಚ್ಚಿದೆ.

"ನೀನೇ ಬರ್ದಿದ್ದಲ್ವಾ? ಓದ್ಲೇಬೇಕಲ್ಲ" ಎಂದು ನಕ್ಕರು. "ಸಭೆಗ್ ಮುಂಚೆ ಹೊಳೆಬದಿಯವ್ರಿಗೆ ಒಂದ್ ಮಾತ್ ಹೇಳ್ ಬರ್ತೀನಿ. ಏನೂ ಹೇಳ್ದೆ ಸಭೇಲಿ ಮಾನ ಕಳೆದ್ರೆ ಚೆನ್ನಾಗಿರಲ್ಲ."

ಸಭೆಯ ಹಿಂದಿನ ಸಂಜೆ ಅದೇ ಕಾಲುದಾರಿ ಹಿಡಿದು ಹೋದರು. ಮಧ್ಯಾಹ್ನದ ಮಳೆಗೆ ದಾರಿ ಜಾರುತ್ತಿತ್ತು. ಜಾರಿದಾಗ ಬೇಲಿಗೆ ಕೈ ಹಾಕಿರಬೇಕು ಎನ್ನುತ್ತಾರೆ. ನೋಡಿದವರು ಯಾರೂ ಇಲ್ಲ. ನಾನು ಓಡಿ ಹೋಗುವ ಹೊತ್ತಿಗೆ ಕರೆಂಟು ತೆಗೆಸಿ ಅವರನ್ನು ಹುಲ್ಲಿನ ಮೇಲೆ ಮಲಗಿಸಿದ್ದರು. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಅಂಗೈ ಕಪ್ಪಾಗಿತ್ತು. ತುಟಿಯ ಮೇಲಿನ ಬಿಳಿ ಕಲೆ ಹಾಗೆಯೇ ಇತ್ತು. ಮೊನ್ನೆ ಮೊನ್ನೆ ಫೋನಿನಲ್ಲಿ ನಕ್ಕ ಮನುಷ್ಯ! ನನಗೆ ಅಳುವೂ ಬರಲಿಲ್ಲ.

ಮುಂದಕ್ಕೆ ಹೋಗಿದ್ದ ಸಭೆ ತಿಥಿ ಕಳೆದ ಮೇಲೆ ಅದೇ ನೋಟೀಸಿನ ಮೇಲೆ ಸೇರಿತು. ಅವರ ಕುರ್ಚಿಯಲ್ಲಿ ಉಪಾಧ್ಯಕ್ಷರು ಕೂತಿದ್ದರು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು. ಕೂತ ತಕ್ಷಣ ಉಪಾಧ್ಯಕ್ಷರು, "ಇಂಥಾ ಹೊತ್ತಲ್ಲಿ ಬೇಲಿ ವಿಷ್ಯ ಎತ್ತೋದ್ ಬೇಡ. ಹೊಳೆಬದಿಯವ್ರೂ ಜೈಲಲ್ಲಿದ್ದಾರೆ, ಪಾಪ. ಸ್ವಲ್ಪ ಬಿಸಿ ಆರ್ಲಿ" ಎಂದರು. ಸುತ್ತ ತಲೆಗಳು ಹೌದು ಹೌದೆಂದು ಆಡಿದವು.

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅವರ ಹೆಣ ನೋಡಿದಾಗಲೂ ಇಷ್ಟು ದಿಗಿಲಾಗಿರಲಿಲ್ಲ. ಸತ್ತವರ ಮಾತನ್ನೇ ತೆಗೆದು ಅವರ ಸಾವಿನ ಮೇಲೆ ಮುಚ್ಚುತ್ತಿದ್ದಾರಲ್ಲ, ಇವರೆಂಥ ಜನ!

"ಸಾರ್, ನೋಟೀಸಿನ ಕೆಳಗೆ ಸಹಿ ಯಾರ್ದು?" ಎಂದು ಪಂಚಾಯ್ತಿ ಅಧಿಕಾರಿ ಪಿಡಿಓ ಅವರನ್ನು ಕೇಳಿದೆ.

"ಅಧ್ಯಕ್ಷರದೇ ಮೇಡಂ."

"ಹಾಗಾದ್ರೆ ಓದಿ. ಬರ್ದಿದ್ದನ್ನ ಓದ್ಲೇಬೇಕು."

ಪಿಡಿಓ ಒಮ್ಮೆ ಉಪಾಧ್ಯಕ್ಷರ ಮುಖ ನೋಡಿದರು, ಒಮ್ಮೆ ಗೋಡೆಗೆ ಒರಗಿಸಿಟ್ಟಿದ್ದ ಹಾರ ಹಾಕಿದ ಫೋಟೋ ನೋಡಿದರು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ವಿಷಯ ಒಂದು" ಎಂದು ಶುರುಮಾಡಿದರು. ಎದ್ದು ಹೋಗುವ ಧೈರ್ಯ ಯಾರಿಗೂ ಆಗಲಿಲ್ಲ.

ಅಷ್ಟರಲ್ಲಿ ಕ್ಯಾಂಟೀನಿನಿಂದ ಕಾಫಿ ಬಂತು. ನನ್ನ ಲೋಟದಲ್ಲಿ ಹಬೆಯಾಡುತ್ತಿತ್ತು. ಆರಲು ಬಿಡದೆ ಕುಡಿದೆ. ನಾಲಿಗೆ ಸುಟ್ಟಿತು. ಸುಟ್ಟ ನಾಲಿಗೆಯಲ್ಲೇ ಮಾತಾಡಲು ಎದ್ದು ನಿಂತೆ.