ಅಕ್ಕನ ಸಂಘದ ಏಳು ಹೆಸರು

ಬೆಳಿಗ್ಗೆ ಎದ್ದು ಅಂಗಳ ಸಾರಿಸಿದೆ. ಎಮ್ಮೆ ಹಿಂಡಿದೆ. ಎರಡು ಕೊಡ ನೀರು ತಂದೆ. ಮೂರನೆಯದಕ್ಕೆ ಸೊಂಟ ಒಲ್ಲೆನೆಂದಿತು. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಪುಂಡಿಸೊಪ್ಪು ಬಿಡಿಸಿದೆ. ಶಿಗ್ಗಾಂವಿಯಿಂದ ಅಕ್ಕ ಬರುವವಳಿದ್ದಳೆಂದು ಪಡಸಾಲೆಯಲ್ಲಿ ಚಾಪೆ ಹಾಸಿದೆ. ಆಮೇಲೆ ಎಮ್ಮೆಗೆಂದು ನೆನೆಹಾಕಿದ ಹತ್ತಿಕಾಳು ರುಬ್ಬಲು ಕುಳಿತೆ ನೋಡಿ, ಅಲ್ಲಿಗೆ ನನ್ನ ಬೆಳಗು ಕೆಟ್ಟಿತು.

ನೆನೆದ ಹತ್ತಿಕಾಳಿನ ವಾಸನೆ ನಿಮಗೂ ಗೊತ್ತಿರಬೇಕು. ಗಂಟಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಹತ್ತಿಯಿಂದ ಕಾಳು ಬಿಡಿಸುವ ಜಿನ್ನಿನಲ್ಲಿ ದುಡಿದವರ ಸೀರೆಯಿಂದಂತೂ ಎಷ್ಟು ಒಗೆದರೂ ಹೋಗುವುದಿಲ್ಲ. ನಾನು ಸವಣೂರಿನ ಜಿನ್ನಿನಲ್ಲಿ, ಅಕ್ಕ ಶಿಗ್ಗಾಂವಿಯ ಜಿನ್ನಿನಲ್ಲಿ ಯಂತ್ರದ ಬಾಯಿಗೆ ಹತ್ತಿ ಉಣಿಸುತ್ತ ಎಷ್ಟೋ ಸುಗ್ಗಿ ಕಳೆದವರು.

ನಮ್ಮ ತವರು ಹಿರೇಬೆಂಡಿಗೇರಿ. ಅಕ್ಕ ಚಿಕ್ಕ ತಮ್ಮನನ್ನು ಕಂಕುಳಲ್ಲಿ ಹೊತ್ತು ಮನೆಯಲ್ಲಿ ಉಳಿದಳು, ನಾನು ಮೂರನೆಯ ಇಯತ್ತೆಯವರೆಗೆ ಶಾಲೆಗೆ ಹೋದೆ. ಹೀಗಾಗಿ ನನಗೆ ಓದು ಬಂತು, ಅವಳಿಗೆ ಬರಲಿಲ್ಲ. ಉಳಿದದ್ದೆಲ್ಲ ಅವಳಿಗೇ ಬಂತು. ಅವಳ ರೊಟ್ಟಿ ಉಬ್ಬುತ್ತಿತ್ತು, ನನ್ನದು ಸೀಳುತ್ತಿತ್ತು. ಅವಳ ಎಮ್ಮೆ ಹೆಣ್ಣುಗರು ಈಯುತ್ತಿತ್ತು, ನನ್ನದು ಪ್ರತಿ ಸಲ ಕೋಣವನ್ನೇ. ಇಷ್ಟನ್ನೂ ನುಂಗಿಕೊಂಡಿದ್ದೆ. ಸಂಘವನ್ನು ಮಾತ್ರ ನುಂಗಲಾಗಲಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ಹುಬ್ಬಳ್ಳಿಯ ವಕೀಲರೊಬ್ಬರು ಶಿಗ್ಗಾಂವಿಗೆ ಬಂದು ಜಿನ್ನಿನ ಮಂದಿಯನ್ನು ಬೇವಿನ ಮರದ ಕೆಳಗೆ ಕೂಡಿಸಿದರು. ಏಳು ಮಂದಿ ಹೆಸರು ಕೊಟ್ಟು ಅರ್ಜಿ ಹಾಕಿದರೆ ಕೂಲಿಕಾರರ ಸಂಘವನ್ನು ಸರಕಾರ ದಪ್ತರದಲ್ಲಿ ನೋಂದಿಸಿಕೊಳ್ಳುತ್ತದೆ, ಆಮೇಲೆ ಅದನ್ನು ಯಾರೂ ಪುಂಡರ ಕೂಟ ಎನ್ನುವಂತಿಲ್ಲ ಎಂದರು. ಆ ಏಳರಲ್ಲಿ ನಮ್ಮಕ್ಕ ಒಬ್ಬಳು.

ಮರುವಾರವೇ ನಾನು ವಕೀಲರ ಮುಂದೆ ನಿಂತೆ. "ನಮ್ಮಲ್ಲೂ ಒಂದ ಸಂಘ ಮಾಡಿ ಕೊಡ್ರಿ. ನಾ ಸಹಿ ಮಾಡ್ತೇನಿ."

"ನಿಮ್ಮ ಜಿನ್ನ ಎಲ್ಲೈತವ್ವಾ?"

"ಸವಣೂರಾಗರಿ."

"ಅದು ನವಾಬರ ಸಂಸ್ಥಾನದ ಹದ್ದು. ಈ ಕಾಯಿದೆ ಇಂಗ್ರೇಜಿ ಹದ್ದಿನೊಳಗಷ್ಟ ನಡೀತೈತಿ."

"ಹತ್ತಿ ಎಲ್ಲಾ ಒಂದ ಹೊಲದ್ದರಿ!" ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಕ್ಕನ ಹೆಬ್ಬೆಟ್ಟು ಸರಕಾರಕ್ಕೆ ಬೇಕಾಯಿತು. ಪಾಟಿಯ ಮೇಲೆ ತಿದ್ದಿ ತಿದ್ದಿ ದುಂಡಗೆ ಮಾಡಿಕೊಂಡ ನನ್ನ ಸಹಿ ಯಾರಿಗೂ ಬೇಡ.

ಅಕ್ಕನ ಸಂಘ ನೋಂದಣಿಯಾಯಿತು. ಆದರೆ ಜಿನ್ನಿನ ಸಾವ್ಕಾರರು, "ಸರಕಾರದ ದಪ್ತರದಾಗ ಇದ್ದೀತು. ನನಗ ಈ ಸಂಘದ ಗುರುತಿಲ್ಲ" ಎಂದುಬಿಟ್ಟರು. ನೋಂದಣಿ ಬೇರೆ, ಮಾಲಕ ಕೊಡುವ ಮಾನ್ಯತೆ ಬೇರೆ, ಎರಡನೆಯದಕ್ಕೆ ಕಾಯಿದೆಯ ಒತ್ತಾಯವಿಲ್ಲ ಎಂದು ವಕೀಲರು ಬಿಡಿಸಿ ಹೇಳಿದರಂತೆ. ಅಕ್ಕನ ತಲೆಗೆ ಹೋದದ್ದು 'ಗುರುತು' ಒಂದೇ. "ಹನ್ನೆರಡ ಸುಗ್ಗಿ ಅವನ ಹತ್ತಿ ಹಾಯಿಸೀನಿ. ನನ್ನ ಮಗಳ ಲಗ್ನಕ್ಕ ಬಂದ ಹೋಳಿಗಿ ಉಂಡ ಹೋಗ್ಯಾನ. ಈಗ ಗುರುತಿಲ್ಲಂತ ನೋಡ!"

ಸಾವ್ಕಾರರು ಇನ್ನೂ ಒಂದು ಮಾತು ಹೇಳಿಕಳಿಸಿದರು: ಅರ್ಜಿಯಲ್ಲಿ ಹೆಸರಿದ್ದ ಏಳೂ ಮಂದಿ ಸೋಮವಾರ ಅಂಗಳದಲ್ಲಿ ಎದ್ದು ನಿಲ್ಲಲಿ, ಗುರುತು ಮಾಡಿಕೊಳ್ಳುತ್ತೇನೆ. ನಿಂತವರಿಗೆ ಕೆಲಸ ಉಳಿಯುವುದಿಲ್ಲವೆಂದು ಊರೆಲ್ಲ ಮಾತು. ಭಾನುವಾರ ಅಕ್ಕ ಅರ್ಜಿಯ ನಕಲು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮನೆಗೆ ಬಂದಳು.

"ತಂಗೀ, ಹೆಬ್ಬೆಟ್ಟ ಒತ್ತಿಸಿಕೊಂಡಾರ. ಹೆಸರ ಖರೇನ ಬರದಾರೋ ಇಲ್ಲೋ, ಓದಿ ಹೇಳ."

ಶಾಲೆಯಲ್ಲಿ ಕಲಿಸಿದಂತೆ ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ಐದನೆಯ ಸಾಲಿಗೆ ಬಂದೆ. 'ಗಂಗವ್ವ ಕೋಂ ಬಸಪ್ಪ.' ಬಸಪ್ಪನ ಹೆಂಡತಿ ಗಂಗವ್ವ ಎಂದರೆ ನಮ್ಮಕ್ಕನೇ. ಎಷ್ಟು ಚೆಂದ ಬರೆದಿದ್ದರು! ನನ್ನ ಬಾಯಿ ಆ ಸಾಲನ್ನು ಹಾರಿ ಆರನೆಯದಕ್ಕೆ ಹೋಯಿತು.

"ನಿನ್ನ ಹೆಸರ ಇದರಾಗ ಇಲ್ಲಕ್ಕಾ."

ಅಕ್ಕ ಕಾಗದ ಮಡಚಿದಳು. "ಆತ ಬಿಡ," ಎಂದು ಒಂದು ತಂಬಿಗೆ ನೀರು ಕುಡಿದು ಹೊರಟುಹೋದಳು. ಅವಳ ಕೆಲಸ ಉಳಿಸಿದೆ ಎಂದು ನನಗೆ ನಾನೇ ಹೇಳಿಕೊಂಡೆ. ನಂಬಿಕೆ ಬರಲಿಲ್ಲ.

ಸೋಮವಾರದ ಕತೆ ಹೇಳಿದವಳು ಹುಸೇನಬಿ. ಅಕ್ಕನ ಜೊತೆಯಲ್ಲೇ ದುಡಿಯುವವಳು, ತವರು ನಮ್ಮ ಓಣಿ. "ಆರ ಮಂದಿ ನಿಂತ್ರು. ಸಾವ್ಕಾರ್ರು ಎಣಿಸಿ, ಕಾಯಿದೆಗೆ ಏಳ ಬೇಕಲ್ರೋ ಅಂತ ಹಲ್ಲ ಕಿಸದ್ರು. ಆಗ ಎದ್ದಳ ನೋಡ ನಿಮ್ಮಕ್ಕ, ಸೆರಗ ಸೊಂಟಕ್ಕ ಸಿಗಸಿ. 'ಏಳನೇದಾಕಿ ನಾನರಿ, ಗುರುತ ಹತ್ತಿತೇನ್ರಿ?' ಅಂದ್ಲ. ಮಂದಿ ಬಿದ್ದ ಬಿದ್ದ ನಕ್ಕರ!"

ಏಳೂ ಮಂದಿಯನ್ನು ಹೊರಗೆ ಹಾಕಿದರು. ಉಳಿದವರೂ ಒಳಗೆ ಹೋಗಲಿಲ್ಲ. ಹಾನಗಲ್ಲು, ಹಿರೇಕೆರೂರ ಕಡೆಯಿಂದ ಬಂದ ಹತ್ತಿ ಬಂಡಿಗಳು ರಸ್ತೆಯುದ್ದ ನಿಂತವು. ಹದಿನೈದನೆಯ ದಿನ ಸಾವ್ಕಾರರೇ ಬಾಗಿಲಿಗೆ ಬಂದು, "ಆ ಏಳ ಮಂದಿ ಸಂಘದವರು ಒಳಗ ಬರ್ರಿ, ಮಾತಾಡೂಣು" ಎಂದರು. ಬರವಣಿಗೆಯಲ್ಲಿ ಏನೂ ಕೊಡಲಿಲ್ಲ. ಆದರೂ ಶಿಗ್ಗಾಂವಿಯ ಮಂದಿ ಆ ಮಾತನ್ನೇ ಮಾನ್ಯತೆ ಎಂದು ತಿಳಿದು ಬೆಲ್ಲ ಹಂಚಿದರು.

ನಿನಗೆ ಸಂತೋಷವಾಯಿತೇ ಎಂದು ಕೇಳಬೇಡಿ. ಆ ದಿನ ನನ್ನ ರೊಟ್ಟಿಯೆಲ್ಲ ಸೀದವು. ಕಾಗದದಲ್ಲಿ ಹೆಸರಿಲ್ಲವೆಂದು ತಿಳಿದೂ ಎದ್ದು ನಿಂತಳಲ್ಲ ಎಂದು ಇನ್ನಷ್ಟು ಉರಿಯಿತು. ಮುಂದೆ ಸಂಸ್ಥಾನ ಹೋಗಿ ಸವಣೂರೂ ಎಲ್ಲರ ಜೊತೆ ಸೇರಿದ ಮೇಲೆ ನಮ್ಮ ಜಿನ್ನಿಗೂ ಸಂಘ ಬಂತು. ದುಂಡಗೆ ಸಹಿ ಮಾಡಿದೆ. ನನ್ನದು ನಲವತ್ತೊಂದನೆಯ ಹೆಸರು.

ಇವತ್ತು ಅಕ್ಕ ಬಂದದ್ದು ಹೊತ್ತು ನೆತ್ತಿಗೇರಿದ ಮೇಲೆ. ತಾಟು ಹಾಕಿದೆ. ರೊಟ್ಟಿ ಮುರಿಯುತ್ತಿದ್ದವಳ ಮುಂದೆ ಕುಳಿತು ಹೇಳಿಬಿಟ್ಟೆ. "ಅಕ್ಕಾ, ಆ ಕಾಗದದಾಗ ನಿನ್ನ ಹೆಸರಿತ್ತು. ನಾ ಸುಳ್ಳ ಓದಿದೆ."

"ಗೊತ್ತೈತೇಳ," ಎಂದಳು ಅಕ್ಕ, ಕೈ ನಿಲ್ಲಿಸದೆ. "ಓದೂವಾಗ ನಿನ್ನ ಬೆರಳ ಏಳ ಕಡೆ ನಿಂತಿತ್ತು, ಬಾಯಿ ಆರ ಹೆಸರ ಹೇಳಿತು. ಓದಾಕ ಬರೂದಿಲ್ಲ, ಎಣಸಾಕ ಬರತೈತಿ."

"ಮತ್ತ ಯಾಕ ಸುಮ್ಮನಾದಿ?"

"ನನ್ನ ಕೆಲಸ ಉಳೀಲಿ ಅಂತ ಪಾಪ ಹಂಗ ಓದಿದಿ. ಏನನ್ನಲಿ? ಖರೆ, ನಾ ಕುಂತಿದ್ರ ಆರ ಆಗತಿತ್ತಲ್ಲ. ಅದಕ್ಕ ನಿಂತೆ."

ಇಲ್ಲಿಗೇ ಬಿಡಬಹುದಿತ್ತು. ಕೂತಲ್ಲಿಯೇ ಪುಣ್ಯ ಬಂದು ಸೆರಗಿಗೆ ಬಿದ್ದಿತ್ತು, ಗಂಟು ಹಾಕಿಕೊಂಡರಾಯಿತು.

"ಅಲ್ಲಕ್ಕಾ. ಹೊಟ್ಟಿಕಿಚ್ಚಿಗೆ ಓದಿದೆ."

"ಯಾರ ಮ್ಯಾಲ?"

"ನಿನ್ನ ಮ್ಯಾಲ."

ಅಕ್ಕನ ಕೈ ನಿಂತಿತು. "ನನ್ನ ಮ್ಯಾಲ ಹೊಟ್ಟಿಕಿಚ್ಚ ಪಡೂದು ಏನೈತೇ?" ಎಂದು ತನ್ನನ್ನೇ ಮೇಲಿಂದ ಕೆಳಗೆ ನೋಡಿಕೊಂಡಳು. ನಾನು ತಾಟಿಗೆ ಪಲ್ಯ ಬಡಿಸಿದೆ. ಆಮೇಲೆ ಅಂದಳು, "ತಂಗಿ ಅಂತ ಹೊಟ್ಟ್ಯಾಗ ಇಟಗೊಂಡ ವರ್ಷಾ ಒಂದ ಗಡಗಿ ಉಪ್ಪಿನಕಾಯಿ ತಂದ ಕೊಡತಿದ್ದೆನಲ್ಲ, ಎಲ್ಲಾ ತಿರುಗಿ ಕೊಡ." ನಗುತ್ತಿದ್ದಾಳೋ ಇಲ್ಲವೋ ಎಂದು ಮುಖ ನೋಡುವ ಧೈರ್ಯ ನನಗಾಗಲಿಲ್ಲ. "ಇನ್ನೊಂದ ರೊಟ್ಟಿ ಹಾಕ," ಎಂದಳು. ಹಾಕಿದೆ.

ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಅಕ್ಕ ಮೂರು ಉಂಡಳು, ನನಗೆ ಒಂದು ಸಾಕಾಯಿತು. ಉಂಡು ಪಡಸಾಲೆಯ ಚಾಪೆಯ ಮೇಲೆ ಇಬ್ಬರೂ ಅಡ್ಡಾದೆವು. ಮೊದಲು ನಿದ್ದೆ ಹೋದವಳು ಅಕ್ಕ, ನನ್ನ ಕಡೆಗೇ ಮುಖ ಮಾಡಿ.